ನಮ್ಮ ಹೊಂಡದ ಮುತ್ತುಗಳೆಲ್ಲ ಸೊಟ್ಟಗಿವೆ. ಇವು ಮುತ್ತೇ ಅಲ್ಲವೇ?

ಹೊಂಡದ ರೈತ (ಚನ್ನರಾಯಪಟ್ಟಣ ತಾಲೂಕು)
ಎಲ್ಲರಿಗೂ ನಮಸ್ಕಾರ. ತೆಂಗಿನ ತೋಟದ ಮಗ್ಗುಲಲ್ಲಿ ನಮ್ಮದೊಂದು ಕೃಷಿ ಹೊಂಡವಿದೆ. ಮುತ್ತಿನ ಕೃಷಿ ಮಾಡಿಸುತ್ತೇವೆ ಎಂದು ಬಂದ ಒಂದು ಕಂಪನಿಯವರು ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಮಣಿ ಇಟ್ಟ ಕಪ್ಪೆಚಿಪ್ಪುಗಳನ್ನು ತಾವೇ ತಂದು, ಬಲೆಚೀಲಕ್ಕೆ ಹಾಕಿ, ನೀರಿಗೆ ಇಳಿಬಿಟ್ಟು ಹೋದರು. ಬೆಳೆದ ಮುತ್ತನ್ನೆಲ್ಲ ತಾವೇ ಕೊಳ್ಳುವುದಾಗಿ ಕಾಗದದಲ್ಲಿ ಬರೆದುಕೊಟ್ಟಿದ್ದರು.

ಈಗ ಚಿಪ್ಪು ಬಿಡಿಸಿದ್ದೇವೆ. ಕೆಲವು ಸತ್ತಿದ್ದವು, ಕೆಲವು ಬರಿದಾಗಿದ್ದವು. ಉಳಿದವುಗಳಲ್ಲಿ ಮುತ್ತು ಬಂದಿದೆ, ಆದರೆ ಒಂದೂ ನೆಟ್ಟಗೆ ಗುಂಡಗಿಲ್ಲ. ಒಂದಕ್ಕೆ ಬಾಲವಿದೆ. ಒಂದರ ಮೈಸುತ್ತ ಗೆರೆಗಳಿವೆ. ಎರಡು ಒಂದಕ್ಕೊಂದು ಅಂಟಿಕೊಂಡೇ ಬೆಳೆದಿವೆ. ಕೆಲವು ಚಿಪ್ಪಿಗೇ ಕಚ್ಚಿಕೊಂಡು ಅರ್ಧ ಉಬ್ಬಿವೆ. ಹೊಳಪು ಮಾತ್ರ ಚೆನ್ನಾಗಿದೆ. ಬಿಸಿಲಿಗೆ ಹಿಡಿದರೆ ಗುಲಾಬಿಯೂ ಹಸಿರೂ ಆಡುತ್ತವೆ. ಕಂಪನಿಯವನು ಬಂದು ನೋಡಿ, “ಇವು ಮುತ್ತೇ ಅಲ್ಲ, ಕ್ಯಾಲ್ಸಿಯಂ ಗಂಟು, ನಿಮ್ಮ ನೀರು ಸರಿಯಿಲ್ಲ” ಎಂದು ಹೇಳಿ ಹೊರಟುಹೋದ.

ತಿಳಿದವರು ಹೇಳಿ. ಇವು ಮುತ್ತು ಹೌದೋ ಅಲ್ಲವೋ? ಸೊಟ್ಟಗಾಗಲು ನಿಜವಾಗಿ ನೀರೇ ಕಾರಣವೇ?

ಕಡೂರು ಕೆರೆ
ಫೋಟೊ ಹಾಕಿ ಅಣ್ಣ. ನೋಡದೆ ಏನು ಹೇಳುವುದು?

ಹೊಂಡದ ರೈತ
ಹಾಕಿದ್ದೇನೆ. ಒಂದೊಂದನ್ನೂ ಕಪ್ಪು ಬಟ್ಟೆಯ ಮೇಲಿಟ್ಟು ತೆಗೆದಿದ್ದೇನೆ, ನೋಡಿ.

ಅಕ್ಕಸಾಲಿ ಅಂಗಡಿ (ಹಾಸನ)
ಯಾವ ಅನುಮಾನವೂ ಬೇಡ, ಇವು ಮುತ್ತುಗಳೇ. ವ್ಯಾಪಾರದಲ್ಲಿ ಇಂಥವಕ್ಕೆ ಬರೋಕ್ ಮುತ್ತು ಎನ್ನುತ್ತಾರೆ. ಗುಂಡಗಿರುವುದು ಮಾತ್ರ ಮುತ್ತು ಎಂದು ಹೇಳಿದವನಿಗೆ ಮುತ್ತು ಗೊತ್ತಿಲ್ಲ, ಇಲ್ಲವೇ ದುಡ್ಡು ಕೊಡುವ ಮನಸ್ಸಿಲ್ಲ. ಮರಳಿನ ಕಣ ಒಳಗೆ ಸೇರಿಕೊಂಡು ಅದರ ಸುತ್ತ ಮುತ್ತು ಕಟ್ಟುತ್ತದೆ, ಕಣ ಸೊಟ್ಟಗಿದ್ದರೆ ಮುತ್ತೂ ಸೊಟ್ಟ. ಅಷ್ಟೇ ವಿಷಯ.

ಜೀವಶಾಸ್ತ್ರ ಮೇಡಂ (ಬೇಲೂರು)
ಅಂಗಡಿಯವರೇ, ಮೊದಲ ಮಾತು ನೂರಕ್ಕೆ ನೂರು ಸರಿ. ಮರಳಿನ ಕಣದ ಮಾತು ಸರಿಯಲ್ಲ. ಅದನ್ನು ಪಾಠ ಹೇಳುವವರೂ ಹೇಳುತ್ತಾ ಬಂದಿದ್ದಾರೆ, ಅದಕ್ಕೇ ಬೇಸರ. ಕಪ್ಪೆಚಿಪ್ಪು ಬದುಕುವುದೇ ಮರಳು, ಕೆಸರಿನಲ್ಲಿ. ಒಳಗೆ ಬಂದ ಕಣವನ್ನು ಅದು ದಿನವೂ ಹೊರಗೆ ತಳ್ಳುತ್ತಿರುತ್ತದೆ. ಮರಳಿನಿಂದ ಮುತ್ತಾಗುವುದಾದರೆ ಹೇಮಾವತಿಯ ಒಂದೊಂದು ಚಿಪ್ಪಿನಲ್ಲೂ ಹಿಡಿ ಹಿಡಿ ಮುತ್ತಿರಬೇಕಿತ್ತು.

ನಡೆಯುವುದು ಹೀಗೆ. ಚಿಪ್ಪಿನ ಒಳಮೈಗೆ ತಾಗಿಕೊಂಡು ಮ್ಯಾಂಟಲ್ ಎಂಬ ತೆಳ್ಳನೆಯ ಪೊರೆಯಿರುತ್ತದೆ. ಚಿಪ್ಪನ್ನು ಕಟ್ಟುವುದು ಆ ಪೊರೆಯ ಹೊರಪದರದ ಜೀವಕೋಶಗಳು. ಪರಾವಲಂಬಿ ಹುಳು ಕೊರೆದಾಗಲೋ ಪೊರೆಗೆ ಗಾಯವಾದಾಗಲೋ ಆ ಕೋಶಗಳಲ್ಲಿ ಕೆಲವು ಜಾಗ ತಪ್ಪಿ ಒಳಗಿನ ಮಾಂಸಕ್ಕೆ ಸೇರಿಬಿಡುತ್ತವೆ. ಸೇರಿದ ಕಡೆ ಅವು ಬೆಳೆದು ಒಂದು ಪುಟ್ಟ ಚೀಲವಾಗುತ್ತವೆ. ಹೊಸ ಜಾಗಕ್ಕೆ ಹೋದರೂ ಕಸುಬು ಬಿಡುವುದಿಲ್ಲ. ಚಿಪ್ಪಿನ ಒಳಮೈಗೆ ಬಳಿಯುತ್ತಿದ್ದ ವಸ್ತುವನ್ನೇ ಈಗ ಚೀಲದ ಒಳಕ್ಕೆ ಪದರ ಪದರವಾಗಿ ಸುರಿಸುತ್ತವೆ. ಆ ಚೀಲ ಯಾವ ಆಕಾರದಲ್ಲಿದೆಯೋ ಮುತ್ತು ಆ ಆಕಾರ.

ಇನ್ನು ಚೀಲ ಕುಳಿತ ಜಾಗ. ಸುತ್ತಲೂ ಮೆತ್ತಗಿದ್ದರೆ ಎಲ್ಲ ಕಡೆಗೂ ಸಮನಾಗಿ ಬೆಳೆಯುತ್ತದೆ. ಸ್ನಾಯುವಿನ ಎಳೆಗಳ ನಡುವೆ ಸಿಕ್ಕಿಕೊಂಡರೆ ಎಳೆದ ಕಡೆಗೆ ಚಾಚುತ್ತದೆ. ಎರಡು ಚೀಲಗಳು ಹತ್ತಿರವಿದ್ದರೆ ಕೂಡಿಕೊಂಡು ಜೋಡಿಮುತ್ತಾಗುತ್ತದೆ. ಚಿಪ್ಪಿಗೆ ತಾಗಿದರೆ ಅಲ್ಲೇ ಬೆಸೆದುಕೊಂಡು ಗುಳ್ಳೆಮುತ್ತಾಗುತ್ತದೆ. ನಿಮ್ಮ ಫೋಟೊಗಳಲ್ಲಿ ಜೋಡಿಯೂ ಇದೆ, ಗುಳ್ಳೆಯೂ ಇದೆ.

“ಕ್ಯಾಲ್ಸಿಯಂ ಗಂಟು” ಎಂಬ ಮಾತನ್ನು ಬೈಗುಳ ಎಂದು ತಿಳಿಯಬೇಡಿ. ಜಗತ್ತಿನ ಅತಿ ದುಬಾರಿ ಮುತ್ತೂ ಹೆಚ್ಚುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ, ಅರಾಗೊನೈಟ್ ಎಂಬ ರೂಪದಲ್ಲಿ. ಅರ್ಧ ಮೈಕ್ರೋಮೀಟರ್ ಆಸುಪಾಸು ದಪ್ಪದ ಬಿಲ್ಲೆಗಳು ಒಂದರ ಮೇಲೊಂದು ಕೂತು, ನಡುವೆ ಪ್ರೋಟೀನಿನ ಅಂಟು. ಬೆಳಕಿನ ಅಲೆಯ ಅಳತೆಗೂ ಆ ಬಿಲ್ಲೆಗಳ ದಪ್ಪಕ್ಕೂ ಹೊಂದಿಕೆಯಿರುವುದರಿಂದಲೇ ನಿಮಗೆ ಗುಲಾಬಿ, ಹಸಿರು ಕಂಡದ್ದು. ಬರಿ ಸುಣ್ಣದ ಗಂಟಿನಲ್ಲಿ ಆ ಬಣ್ಣ ಆಡುವುದಿಲ್ಲ.

ಕಾಫಿ ಕಣ (ಮೂಡಿಗೆರೆ)
ಮೇಡಂ, ಇದು ನಮ್ಮ ಪೀಬೆರಿಯ ಹಾಗೆಯೇ ಅಲ್ಲವೇ? ಕಾಫಿ ಹಣ್ಣಿನಲ್ಲಿ ಎರಡು ಬೀಜ ಬೆಳೆದರೆ ಒಂದನ್ನೊಂದು ಒತ್ತಿಕೊಂಡು ಒಂದು ಮೈ ಚಪ್ಪಟೆಯಾಗುತ್ತದೆ. ಒಂದೇ ಬೀಜ ಬೆಳೆದರೆ ಜಾಗ ಪೂರ್ತಿ ಸಿಕ್ಕಿ ದುಂಡಗಾಗುತ್ತದೆ. ಒತ್ತಡವಿದ್ದರೆ ಸೊಟ್ಟ, ಇಲ್ಲದಿದ್ದರೆ ಗುಂಡು.

ಜೀವಶಾಸ್ತ್ರ ಮೇಡಂ (ಬೇಲೂರು)
ಜಾಗದ ಮಾತಿನ ಮಟ್ಟಿಗೆ ಒಳ್ಳೆಯ ಹೋಲಿಕೆ. ಆದರೆ ಬೀಜ ತಾನಾಗಿ ಒಳಗಿನಿಂದ ಬೆಳೆಯುತ್ತದೆ. ಮುತ್ತಿಗೆ ಜೀವವಿಲ್ಲ, ಹೊರಗಿನ ಚೀಲ ಅದರ ಮೇಲೆ ಪದರ ಹಚ್ಚುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಪದರದಲ್ಲಿ ಒಂದು ಉಬ್ಬು ಬಂದರೆ ಮೇಲಿನ ಪದರಗಳೂ ಅದನ್ನೇ ಹಿಂಬಾಲಿಸುತ್ತವೆ, ದಿನ ಕಳೆದಂತೆ ಸೊಟ್ಟ ಹೆಚ್ಚುತ್ತದೆ. ಹೆಚ್ಚು ದಿನ ಬಿಟ್ಟರೆ ಗುಂಡಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಡೂರು ಕೆರೆ
ಸ್ವಾತಿ ಮಳೆಯ ಹನಿ ಬಾಯಿ ತೆರೆದ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಳೆ ಬಂದಾಗ ನೀರಿನ ಗುಣ ಬದಲಾಗುವುದಿಲ್ಲವೇ?

ಹಳೇಬೀಡು ಹವ್ಯಾಸಿ
ಅಜ್ಜನ ಮಾತಿಗೆ ಹಳೆಯ ಬೇರಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮುತ್ತಿಗೆ ಎಂಟು ಮೂಲಗಳನ್ನು ಹೇಳಿದೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಎಂಬ ದೊಡ್ಡ ಮೀನು, ಹಂದಿ. ಅವುಗಳಲ್ಲಿ ಚಿಪ್ಪಿನ ಮುತ್ತೇ ಹೇರಳ ಮತ್ತು ಉತ್ತಮ ಎಂದೂ ಆತ ಹೇಳುತ್ತಾನೆ. ಕಥೆಯ ಜೊತೆಯಲ್ಲಿಯೇ ನಿಜವೂ ಇತ್ತು.

ಅಂದ ಹಾಗೆ ನಮ್ಮ ಹೊಯ್ಸಳೇಶ್ವರದ ಗೋಡೆಯ ವಿಗ್ರಹಗಳ ಮೈಮೇಲಿನ ಸರಗಳನ್ನು ಹತ್ತಿರದಿಂದ ನೋಡಿ. ಬಳಪದ ಕಲ್ಲಿನಲ್ಲಿ ಮಣಿ ಮಣಿಯಾಗಿ ಬಿಡಿಸಿದ್ದಾರೆ, ಎಲ್ಲವೂ ಗುಂಡು. ಶಿಲ್ಪಿಗೂ ಗುಂಡುಮುತ್ತಿನ ಆಸೆಯಿತ್ತು.

ಆಲೂರು ತೋಟ
ಆನೆಯ ಮುತ್ತಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ನಮ್ಮ ಆಲೂರು, ಸಕಲೇಶಪುರದ ಕಡೆ ಆನೆ ಓಡಾಟವಿರುವುದು ಎಲ್ಲರಿಗೂ ಗೊತ್ತು. “ಗಜಮುಕ್ತ” ಎಂದು ಹೇಳಿಕೊಂಡು ಏನನ್ನಾದರೂ ಮಾರಲು ಬರುವವರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. ಆನೆಯ ತಲೆಯಲ್ಲಿ ಮುತ್ತು ಹುಟ್ಟುವುದಿಲ್ಲ. ಅದು ದಂತದ ತುಣುಕಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾನೆ.

ಹೊಂಡದ ರೈತ
ಎಲ್ಲರ ಮಾತಿಗೂ ಧನ್ಯವಾದ, ಆದರೆ ನನ್ನ ಪ್ರಶ್ನೆ ದಾರಿ ತಪ್ಪುತ್ತಿದೆ. ನನ್ನ ಚಿಪ್ಪುಗಳಿಗೆ ಹುಳು ಕೊರೆದದ್ದಲ್ಲ, ಶಸ್ತ್ರಚಿಕಿತ್ಸೆ ಮಾಡಿ ಮಣಿ ಹಾಕಿದ್ದು. ಗುಂಡನೆಯ ಮಣಿ ಹಾಕಿದರೂ ಸೊಟ್ಟ ಬಂದದ್ದು ಹೇಗೆ? ನೀರಿನ ದೋಷವೇ?

ನಿವೃತ್ತ ಮೀನುಗಾರಿಕೆ (ಹೊಳೆನರಸೀಪುರ)
ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ಭುವನೇಶ್ವರದ ಹತ್ತಿರ ಕೌಸಲ್ಯಾಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಮ್ಮ ದೇಶದ ಸಿಹಿನೀರಿನ ಚಿಪ್ಪುಗಳಲ್ಲಿ ಮುತ್ತು ಬೆಳೆಸುವ ಕ್ರಮವನ್ನು ರೂಪಿಸಿದ್ದಾರೆ. ಬಳಸುವುದು ಹೆಚ್ಚಾಗಿ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಎಂಬ ಜಾತಿ, ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕಪ್ಪೆಚಿಪ್ಪು. ಶಸ್ತ್ರಚಿಕಿತ್ಸೆಯಲ್ಲಿ ಮೂರು ಬಗೆ, ಒಂದೊಂದರಲ್ಲೂ ಸೊಟ್ಟಗಾಗುವ ದಾರಿ ಬೇರೆ.

ಮೊದಲನೆಯದು, ಚಿಪ್ಪಿಗೂ ಪೊರೆಗೂ ನಡುವೆ ಮಣಿಯನ್ನೋ ಅಚ್ಚನ್ನೋ ಜಾರಿಸುವುದು. ಪೊರೆ ಒಂದೇ ಕಡೆಯಿಂದ ಹೊದಿಸುತ್ತದೆ, ಇನ್ನೊಂದು ಕಡೆ ಚಿಪ್ಪಿಗೆ ಬೆಸೆಯುತ್ತದೆ. ಇದರಲ್ಲಿ ಅರ್ಧ ಮುತ್ತು ಬರುವುದೇ ಸಹಜ. ಗಣಪತಿಯ ಮೂರ್ತಿಯಿರುವ ಮುತ್ತು ಎಂದು ಮಾರುವುದೆಲ್ಲ ಈ ಬಗೆಯದು. ನಿಮ್ಮ ಚಿಪ್ಪಿಗೆ ಕಚ್ಚಿಕೊಂಡವು ಇವೇ. ಇವನ್ನು ಗುಂಡಗಿಲ್ಲ ಎಂದು ತಿರಸ್ಕರಿಸುವುದು ಅನ್ಯಾಯ, ಏಕೆಂದರೆ ಆ ವಿಧಾನದಲ್ಲಿ ಪೂರ್ತಿ ಗುಂಡು ಬರುವುದಕ್ಕೆ ಸಾಧ್ಯವೇ ಇಲ್ಲ.

ಎರಡನೆಯದು, ಇನ್ನೊಂದು ಚಿಪ್ಪಿನಿಂದ ಪೊರೆಯ ಚಿಕ್ಕ ಚೂರುಗಳನ್ನು ಕತ್ತರಿಸಿ, ಈ ಚಿಪ್ಪಿನ ಪೊರೆಯಲ್ಲಿ ಜೇಬಿನಂತೆ ಸೀಳಿ ಅದರೊಳಗೆ ಇಡುವುದು. ಮಣಿ ಹಾಕಬಹುದು, ಹಾಕದೆಯೂ ಇರಬಹುದು. ಮಣಿಯಿಲ್ಲದಿದ್ದರೆ ಗುಂಡು ಬರುವುದು ಅಪರೂಪ.

ಮೂರನೆಯದು, ಜನನಾಂಗದ ಮೃದು ಭಾಗದಲ್ಲಿ ಮಣಿ ಮತ್ತು ಪೊರೆಯ ಚೂರನ್ನು ಒಟ್ಟಿಗೆ ಕೂರಿಸುವುದು. ಗುಂಡುಮುತ್ತಿಗೆ ಇದೇ ದಾರಿ, ಕೈಚಳಕ ಬೇಡುವುದೂ ಇದೇ. ಚೂರಿನ ಹೊರಮೈ ಮಣಿಗೆ ತಾಗಿಕೊಂಡೇ ಇರಬೇಕು. ತಾಗದಿದ್ದರೆ ಚೀಲ ಮಣಿಯನ್ನು ಪೂರ್ತಿ ಸುತ್ತುವುದಿಲ್ಲ. ಸೀಳಿದ ದಾರಿಯ ಉದ್ದಕ್ಕೂ ಕೋಶಗಳು ಹರಡಿದರೆ ಮುತ್ತಿಗೆ ಬಾಲ ಬರುತ್ತದೆ. ಮಣಿಗೂ ಚೀಲಕ್ಕೂ ನಡುವೆ ಸತ್ತ ಕೋಶಗಳ ಕಸ ಸೇರಿದರೆ ಅಲ್ಲಿ ಉಬ್ಬು. ಚಿಪ್ಪು ಮಣಿಯನ್ನು ಉಗುಳಿ ಚೂರು ಮಾತ್ರ ಉಳಿದರೆ ಒಳಗೆ ಮಣಿಯಿಲ್ಲದ, ಅಂಕುಡೊಂಕಾದ, ಅಪ್ಪಟ ಮುತ್ತಿನ ಪದರದ್ದೇ ಗಟ್ಟಿ ಬರುತ್ತದೆ. ಜಪಾನಿನವರು ಅದನ್ನು ಕೇಶಿ ಎನ್ನುತ್ತಾರೆ.

ನೀರಿಗೂ ಪಾತ್ರವಿದೆ. ಪದರ ಎಷ್ಟು ಬೇಗ ಕಟ್ಟುತ್ತದೆ, ಹೊಳಪು ಹೇಗಿರುತ್ತದೆ, ಚಿಪ್ಪು ಬದುಕುತ್ತದೆಯೇ ಸಾಯುತ್ತದೆಯೇ ಎಂಬುದನ್ನು ನೀರು, ಅದರಲ್ಲಿನ ಸುಣ್ಣದಂಶ, ಹಸಿರು ಪಾಚಿ ನಿರ್ಧರಿಸುತ್ತವೆ. ಬಾಲವನ್ನೂ ಜೋಡಿಯನ್ನೂ ಅರ್ಧ ಉಬ್ಬನ್ನೂ ಮಾಡಿದ್ದು ಕತ್ತಿ ಹಿಡಿದವರ ಕೈ. ಹೊಳಪು ಚೆನ್ನಾಗಿದೆ ಎಂದಮೇಲೆ ನಿಮ್ಮ ನೀರಿನ ಮೇಲೆ ತಪ್ಪು ಹೊರಿಸುವುದಕ್ಕೆ ಆಧಾರವೇ ಇಲ್ಲ.

ಹೊಂಡದ ರೈತ
ಸರ್, ಈ ಮಾತು ಕೇಳಿ ಮನಸ್ಸು ಹಗುರವಾಯಿತು. ನೀರು ಕೆಟ್ಟಿದೆ ಎಂದು ಮನೆಯವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಮೈಸುತ್ತ ಗೆರೆಯಿರುವುದರ ಕಾರಣವೇನು?

ಜೀವಶಾಸ್ತ್ರ ಮೇಡಂ (ಬೇಲೂರು)
ಅದು ನನಗೆ ಬಹಳ ಇಷ್ಟವಾದ ವಿಷಯ. ಮುತ್ತು ಚೀಲದೊಳಗೆ ಸುಮ್ಮನೆ ಕೂತಿರುವುದಿಲ್ಲ, ನಿಧಾನವಾಗಿ ತಿರುಗುತ್ತದೆ. ತಿರುಗಿಸುವ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡಲು ನೋಡಿತು. ಮುತ್ತಿನ ಮೇಲ್ಮೈ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ಮೆಟ್ಟಿಲು ಮೆಟ್ಟಿಲಾಗಿದೆ. ಬೆಳೆಯುತ್ತಿರುವ ಆ ಮೆಟ್ಟಿಲುಗಳ ಅಂಚೇ ಮುತ್ತನ್ನು ಒಂದು ದಿಕ್ಕಿಗೆ ತಳ್ಳುತ್ತದೆ ಎಂಬುದು ಅವರ ವಿವರಣೆ.

ತಿರುಗುವ ಅಕ್ಷ ಬದಲಾಗುತ್ತಲೇ ಇದ್ದರೆ ಎಲ್ಲ ಕಡೆಯೂ ಸಮನಾಗಿ ಪದರ ಕೂತು ಗುಂಡು. ಒಂದೇ ಅಕ್ಷದ ಮೇಲೆ ತಿರುಗಿದರೆ ಹನಿಯ ಆಕಾರ, ಇಲ್ಲವೇ ನಿಮ್ಮದರಂತೆ ಉಂಗುರದ ಗೆರೆಗಳು. ಚೀಲದಲ್ಲಿ ಎಲ್ಲೋ ಒಂದು ದೋಷವಿದ್ದರೂ ತಿರುಗುವಾಗ ಅದರ ಗುರುತು ಸುತ್ತಲೂ ಬೀಳುತ್ತದೆ. ತಿರುಗದೆ ನಿಂತದ್ದು ಅಡ್ಡಾದಿಡ್ಡಿ. ತಾಹಿಟಿಯ ಕಪ್ಪುಮುತ್ತುಗಳಲ್ಲಿ ಉಂಗುರದ ಮುತ್ತುಗಳು ಸಾಕಷ್ಟು ಬರುತ್ತವೆ, ಅವನ್ನು ಹಾಗೆಯೇ ಮಾರುತ್ತಾರೆ.

ಕಾಫಿ ಕಣ (ಮೂಡಿಗೆರೆ)
ಕಲ್ಲಿನಂಥ ವಸ್ತು ಜೀವಿಯ ಹೊಟ್ಟೆಯೊಳಗೆ ತಾನೇ ತಿರುಗುತ್ತದೆ ಎಂದರೆ ಎಂಥ ಆಶ್ಚರ್ಯ! ಇದನ್ನು ಮಗಳಿಗೆ ಓದಿ ಹೇಳಿದೆ.

ಅಕ್ಕಸಾಲಿ ಅಂಗಡಿ (ಹಾಸನ)
ಮೇಡಂ ಹೇಳಿದ ಮರಳಿನ ವಿಷಯ ಒಪ್ಪಿದೆ. ಆದರೆ ವ್ಯಾಪಾರದ ಮಾತು ನಾನು ಹೇಳಬೇಕು, ಇಲ್ಲದಿದ್ದರೆ ರೈತರಿಗೆ ಸುಳ್ಳು ಆಸೆ ಹುಟ್ಟುತ್ತದೆ. ಮುತ್ತಿನ ಬೆಲೆ ಕಟ್ಟುವಾಗ ಹೊಳಪು, ಮೈ, ಗಾತ್ರ, ಬಣ್ಣ, ಪದರದ ದಪ್ಪ, ಆಕಾರ ಎಲ್ಲ ನೋಡುತ್ತೇವೆ. ಜೊತೆಗೆ ಜೋಡಿ ಸಿಗುತ್ತದೆಯೇ ಎಂಬುದು. ಓಲೆಗೆ ಎರಡು ಒಂದೇ ತರಹದ್ದು ಬೇಕು, ಸರಕ್ಕೆ ಡಜನ್‌ಗಟ್ಟಲೆ ಬೇಕು. ಸೊಟ್ಟ ಮುತ್ತಿಗೆ ಜೋಡಿ ಹುಡುಕುವುದು ಬಲು ಕಷ್ಟ. ಹಾಗಾಗಿ ಅದು ಪದಕಕ್ಕೋ ಉಂಗುರಕ್ಕೋ ಒಂಟಿಯಾಗಿ ಹೋಗಬೇಕು.

ಜಾತಕ ನೋಡಿ ಚಂದ್ರನಿಗೆಂದು ಮುತ್ತು ಹಾಕಿಸಲು ಬರುವವರು ಗುಂಡಗಿರುವುದೇ ಬೇಕು ಎನ್ನುತ್ತಾರೆ. ನವರತ್ನದ ಉಂಗುರಕ್ಕೂ ಅಷ್ಟೇ. ಅದರ ಮೇಲೆ ಚೀನಾದ ಸಿಹಿನೀರಿನ ಮುತ್ತು ರಾಶಿ ರಾಶಿ ಬರುತ್ತಿದೆ, ಸೊಟ್ಟದ್ದು ತೂಕದ ಲೆಕ್ಕದಲ್ಲಿ ಅಗ್ಗವಾಗಿ ಸಿಗುತ್ತದೆ. ಇವು ಮುತ್ತು ಹೌದು. ಲಕ್ಷಾಂತರ ರೂಪಾಯಿಯ ಮುತ್ತಲ್ಲ.

ಶೃಂಗೇರಿ ಸೊಸೆ
ಅಂಗಡಿಯವರೇ, ನಿಮ್ಮಂಥವರೇ ಜನರ ರುಚಿಯನ್ನು ಗುಂಡುಮುತ್ತಿಗೆ ಕಟ್ಟಿಹಾಕಿದ್ದು. ನನ್ನ ಅಜ್ಜಿಯ ಎರಡೆಳೆ ಸರವಿದೆ, ಬಸ್ರಾ ಮುತ್ತು, ಅಂದರೆ ಪರ್ಷಿಯನ್ ಕೊಲ್ಲಿಯಲ್ಲಿ ತಾನಾಗಿ ಹುಟ್ಟಿದ ಮುತ್ತು, ಎಂದು ಮನೆಯಲ್ಲಿ ಹೇಳುತ್ತಾರೆ. ಒಂದು ಮುತ್ತು ಇನ್ನೊಂದರಂತಿಲ್ಲ. ಪೋಣಿಸಿಕೊಡಿ ಎಂದು ಒಂದು ಅಂಗಡಿಗೆ ಕೊಂಡುಹೋದರೆ, “ಇದು ಡೂಪ್ಲಿಕೇಟ್, ಹೊಸದು ತೆಗೆದುಕೊಳ್ಳಿ” ಎಂದು ಸಮನಾದ ಗುಂಡು ಸರ ತೋರಿಸಿದರು. ಸಿಟ್ಟು ಬಂದು ಎದ್ದು ಬಂದೆ.

ಅಕ್ಕಸಾಲಿ ಅಂಗಡಿ (ಹಾಸನ)
ಆ ಅಂಗಡಿಯವರು ಹೇಳಿದ್ದು ಪೂರ್ತಿ ತಲೆಕೆಳಗು ಅಕ್ಕ. ಎಲ್ಲ ಒಂದೇ ಅಳತೆ, ಒಂದೇ ಗುಂಡು, ಒಂದೇ ಬಣ್ಣ ಇದ್ದರೆ ನಾನು ಮೊದಲು ಅದನ್ನೇ ಅನುಮಾನಿಸುತ್ತೇನೆ. ಗಾಜಿನ ಮಣಿಗೆ ಬಣ್ಣ ಹಚ್ಚಿದ್ದು ಹಾಗಿರುತ್ತದೆ. ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ಅಸಲಿ ಸ್ವಲ್ಪ ತರಿ ತರಿ ಎನ್ನಿಸುತ್ತದೆ, ಗಾಜು ಜಾರುತ್ತದೆ. ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಬಣ್ಣದ ಸಿಪ್ಪೆ ಏಳುತ್ತಿದ್ದರೆ ನಕಲಿ. ಆದರೆ ಅಸಲಿಯಲ್ಲಿ ಸಮುದ್ರದಲ್ಲಿ ತಾನಾಗಿ ಹುಟ್ಟಿದ್ದು ಯಾವುದು, ಸಾಕಿದ್ದು ಯಾವುದು ಎಂದು ಹಲ್ಲು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಮಾಡಿಸಬೇಕು. ನಿಜವಾಗಿ ಹಳೆಯ ಬಸ್ರಾ ಆಗಿದ್ದರೆ ಅದರ ಬೆಲೆ ಆ ಅಂಗಡಿಯ ಹೊಸ ಸರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದಯವಿಟ್ಟು ಯಾರಿಗೂ ಬದಲಿಗೆ ಕೊಡಬೇಡಿ.

ಶೃಂಗೇರಿ ಸೊಸೆ
ಧನ್ಯವಾದ ಅಣ್ಣ. ಮೇಲಿನ ಮಾತು ಸ್ವಲ್ಪ ಖಾರವಾಯಿತು, ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ವಿಷಯ. ನನ್ನ ತವರು ಉಡುಪಿಯ ಕಡೆ. ಮರುವಾಯಿ ಎಂಬ ಚಿಪ್ಪುಜೀವಿಯ ಸುಕ್ಕ ತಿನ್ನುವಾಗ ಒಮ್ಮೊಮ್ಮೆ ಹಲ್ಲಿಗೆ ಗಟ್ಟಿಯಾದ ಬಿಳಿ ಹರಳು ಸಿಗುತ್ತದೆ, ಹೊಳಪೇ ಇರುವುದಿಲ್ಲ. ಅದೂ ಮುತ್ತೇ?

ಜೀವಶಾಸ್ತ್ರ ಮೇಡಂ (ಬೇಲೂರು)
ಹುಟ್ಟುವ ರೀತಿಯಿಂದ ಮುತ್ತೇ. ಚಿಪ್ಪಿರುವ ಮೃದ್ವಂಗಿಗಳಲ್ಲಿ ಮುತ್ತು ಕಟ್ಟಬಲ್ಲವು ಬಹಳ. ಆದರೆ ಯಾವ ಚಿಪ್ಪಿನ ಒಳಮೈ ಹೊಳೆಯುತ್ತದೆಯೋ ಅದರ ಮುತ್ತು ಮಾತ್ರ ಹೊಳೆಯುತ್ತದೆ. ಮರುವಾಯಿಯ ಒಳಮೈ ಪಿಂಗಾಣಿಯಂತಿರುವುದರಿಂದ ಅದರ ಮುತ್ತೂ ಹಾಗೆಯೇ. ಫಿಲಿಪ್ಪೀನ್ಸ್‌ನ ಪಲಾವನ್ ದ್ವೀಪದ ಬಳಿ 1934ರಲ್ಲಿ ದೈತ್ಯ ಚಿಪ್ಪೊಂದರಲ್ಲಿ ಸಿಕ್ಕ ಮುತ್ತು ಸುಮಾರು 6.4 ಕಿಲೋ ತೂಗುತ್ತದೆ. ಆಕಾರ ಮಡಿಕೆ ಮಡಿಕೆಯಾಗಿ ಮಿದುಳನ್ನು ಹೋಲುತ್ತದೆ, ಆದರೆ ನಿಮ್ಮ ಹೊಂಡದ ಮುತ್ತಿನ ಕಾಲುಭಾಗ ಹೊಳಪೂ ಅದಕ್ಕಿಲ್ಲ.

ಹಳೇಬೀಡು ಹವ್ಯಾಸಿ
ಸೊಟ್ಟ ಮುತ್ತಿಗೆ ಒಂಟಿಯಾಗಿ ಹೋಗಬೇಕಾದ ಗತಿ ಎಂದರು ಅಂಗಡಿಯವರು. ಯುರೋಪಿನ ಅಕ್ಕಸಾಲಿಗರು ಅದನ್ನೇ ಹೆಮ್ಮೆಯಾಗಿಸಿಕೊಂಡರು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕ್ಯಾನಿಂಗ್ ಆಭರಣ ಎಂಬುದೊಂದಿದೆ. ಅರ್ಧ ಮನುಷ್ಯ, ಅರ್ಧ ಮೀನಿನ ರೂಪ. ಆ ಮನುಷ್ಯನ ಇಡೀ ಎದೆ, ಹೊಟ್ಟೆ ಒಂದೇ ಒಂದು ಸೊಟ್ಟ ಮುತ್ತು. ಅದರ ಉಬ್ಬು ತಗ್ಗನ್ನೇ ಮೈಕಟ್ಟು ಎಂದು ಕಂಡು, ಸುತ್ತ ಚಿನ್ನ ಕಟ್ಟಿದ್ದಾರೆ. ನಮ್ಮ ದೇಶದ ಮೊದಲ ವೈಸರಾಯ್ ಆಗಿದ್ದ ಕ್ಯಾನಿಂಗ್‌ನ ಬಳಿ ಇದ್ದುದರಿಂದ ಆ ಹೆಸರು. ಜರ್ಮನಿಯ ಡ್ರೆಸ್ಡೆನ್‌ನ ರಾಜರ ಭಂಡಾರದಲ್ಲಿಯೂ ಇಂಥ ಮುತ್ತಿನ ಪುಟ್ಟ ಗೊಂಬೆಗಳಿವೆ. ಮೊದಲು ಮುತ್ತನ್ನು ನೋಡಿ, ಆಮೇಲೆ ಒಡವೆಯನ್ನು ಯೋಚಿಸಿದ್ದಾರೆ.

ಅಂಗಡಿಯವರೇ, ನಮ್ಮ ಹಾಸನದಲ್ಲಿ ಆ ಕೈಗೆಲಸ ಬಲ್ಲವರಿಲ್ಲವೇ? ಇದ್ದಾರೆ. ಕೇಳುವವರಿಲ್ಲ.

ಅಕ್ಕಸಾಲಿ ಅಂಗಡಿ (ಹಾಸನ)
ಇದ್ದಾರೆ, ನಿಜ. ನಮ್ಮ ತಂದೆಯವರು ಮಾಡಬಲ್ಲವರಾಗಿದ್ದರು. ಈ ಮಾತು ಯೋಚಿಸುವಂಥದ್ದು.

ಅರಸೀಕೆರೆ ತೆಂಗು
ಕಲೆಯ ಮಾತು ಚೆನ್ನ, ಲೆಕ್ಕದ ಮಾತು ಬೇರೆ. ತರಬೇತಿ ಶುಲ್ಕ, ಚಿಪ್ಪಿನ ಬೆಲೆ, ಸತ್ತದ್ದು, ಬರಿದಾದದ್ದು, ವರ್ಷಕ್ಕೂ ಮೀರಿ ಕಾಯುವುದು, ಕೊನೆಗೆ ಕೊಳ್ಳುವವನಿಲ್ಲ. ಚೀನಾದೊಂದಿಗೆ ನಾವು ಗುದ್ದಾಡಲು ಆಗುವುದಿಲ್ಲ. ಹೊಂಡದಲ್ಲಿ ಕಾಟ್ಲಾ, ರೋಹು ಬಿಡಿ, ವಾರದ ಸಂತೆಯಲ್ಲೇ ಮಾರಾಟವಾಗುತ್ತದೆ.

ನಿವೃತ್ತ ಮೀನುಗಾರಿಕೆ (ಹೊಳೆನರಸೀಪುರ)
ಎಚ್ಚರಿಕೆ ಸರಿ. ಆದರೆ ಚೀನಾದವರೂ ಸೊಟ್ಟ ಮುತ್ತಿನಿಂದಲೇ ಆರಂಭಿಸಿದವರು. 1970, 80ರ ದಶಕದಲ್ಲಿ ಕ್ರಿಸ್ಟೇರಿಯಾ ಎಂಬ ಚಿಪ್ಪಿನಿಂದ ಬರುತ್ತಿದ್ದದ್ದು ಸುಕ್ಕುಸುಕ್ಕಾದ ಅಕ್ಕಿಕಾಳಿನ ಗಾತ್ರದ ಮುತ್ತು. ಆಮೇಲೆ ಹೈರಿಯಾಪ್ಸಿಸ್ ಕ್ಯುಮಿಂಗಿ ಎಂಬ ಬೇರೆ ಜಾತಿಗೆ ಬದಲಾಯಿಸಿ, ಪೊರೆಯ ಚೂರನ್ನು ಕತ್ತರಿಸುವ ರೀತಿಯನ್ನು ತಿದ್ದಿ ಗುಂಡಿನತ್ತ ಬಂದರು. ಜಪಾನಿನ ಮಿಕಿಮೊಟೊ ಕೂಡ 1893ರಲ್ಲಿ ಮೊದಲು ಪಡೆದದ್ದು ಅರ್ಧಗೋಳದ ಮುತ್ತೇ. ನಮ್ಮ ದೇಶದಲ್ಲಿ ಸಮುದ್ರದ ಗುಂಡುಮುತ್ತು ಬಂದದ್ದು 1973ರಲ್ಲಿ, ತೂತ್ತುಕುಡಿಯಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಕೈಯಿಂದ.

ಒಂದು ಹಂಗಾಮಿನಲ್ಲಿ ಗುಂಡುಮುತ್ತಿನ ಲಾಭ ತೋರಿಸುವ ಕಂಪನಿಯನ್ನು ನಂಬಬಾರದು ಎಂಬಷ್ಟಕ್ಕೆ ನಿಮ್ಮೊಂದಿಗೆ ನಾನಿದ್ದೇನೆ.

ಕಡೂರು ಕೆರೆ
ಕಂಪನಿ ಬೇಡವಾದರೆ ಗೊರೂರಿನ ಹಿನ್ನೀರಿನಲ್ಲೋ ನಮ್ಮ ಮದಗದ ಕೆರೆಯಲ್ಲೋ ಚಿಪ್ಪು ಆರಿಸಿಕೊಂಡು ನಾವೇ ಬಿಡಬಹುದಲ್ಲ? ಪುಕ್ಕಟೆ.

ಆಲೂರು ತೋಟ
ದಯವಿಟ್ಟು ಹಾಗೆ ಮೂಟೆಗಟ್ಟಲೆ ಬಾಚಬೇಡಿ. ನೀರು ಸೋಸುವುದೇ ಆ ಜೀವಿಯ ಕೆಲಸ. ಅದರ ಮರಿಗಳು ಹುಟ್ಟಿದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲಕಾಲ ಬದುಕಿದರೆ ಮಾತ್ರ ಮುಂದೆ ಚಿಪ್ಪಾಗುತ್ತವೆ. ದೊಡ್ಡವನ್ನೆಲ್ಲ ಒಮ್ಮೆಗೇ ತೆಗೆದರೆ ಆ ಕೆರೆಯಲ್ಲಿ ಮತ್ತೆ ಬರುವುದು ಸುಲಭವಲ್ಲ.

ಕಡೂರು ಕೆರೆ
ಮೀನಿಗೆ ಅಂಟಿಕೊಂಡು ಬೆಳೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಹಾಗಾದರೆ ಬೇಡ.

ನಿವೃತ್ತ ಮೀನುಗಾರಿಕೆ (ಹೊಳೆನರಸೀಪುರ)
ಆಲೂರಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಕೆರೆ, ಜಲಾಶಯದಿಂದ ತೆಗೆಯುವ ಮೊದಲು ಮೀನುಗಾರಿಕೆ ಇಲಾಖೆಯನ್ನೂ ಗುತ್ತಿಗೆ ಹಿಡಿದವರನ್ನೂ ಕೇಳಲೇಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ಸುಮಾರು 10 ದಿನ ತೊಟ್ಟಿಯಲ್ಲಿಟ್ಟು ಆರೈಕೆ ಮಾಡಿ, ಸತ್ತದ್ದನ್ನೂ ಮಣಿ ಉಗುಳಿದ್ದನ್ನೂ ಬೇರ್ಪಡಿಸಿ ಆಮೇಲೆ ಹೊಂಡಕ್ಕೆ ಬಿಡಬೇಕು. ಹೊಂಡದ ರೈತರೇ, ನಿಮ್ಮ ಕಂಪನಿಯವರು ಆ ಆರೈಕೆ ಮಾಡಿದ್ದರೇ?

ಹೊಂಡದ ರೈತ
ಇಲ್ಲ ಸರ್. ವ್ಯಾನಿನಲ್ಲಿ ತಂದವರು ಅಂದೇ ಸಂಜೆ ನೀರಿಗೆ ಇಳಿಸಿದರು. ಬರಿದಾದ ಚಿಪ್ಪುಗಳ ಕಾರಣ ಈಗ ಅರ್ಥವಾಗುತ್ತಿದೆ. ಬಿಳಿ ಮಣಿಗಳು ಬಲೆಚೀಲದ ತಳದಲ್ಲೇ ಬಿದ್ದಿದ್ದವು.

ಜೀವಶಾಸ್ತ್ರ ಮೇಡಂ (ಬೇಲೂರು)
ಅಲ್ಲಿಗೆ ಸಾಕ್ಷಿಯೇ ಸಿಕ್ಕಿತು. ಆ ಮಣಿಗಳನ್ನು ಬಿಸಾಡಬೇಡಿ. ಫೋಟೊದ ಕೊನೆಯ ಸಾಲಿನಲ್ಲಿ ಕಂದು ಬಣ್ಣದ, ಮಂಕಾದ ಕೆಲವಿವೆ. ಅವುಗಳಲ್ಲಿ ಒಂದನ್ನು ಕೊಯ್ದು ನೋಡಿ. ಚೀಲ ಆರಂಭದಲ್ಲಿ ಕಂದು ಪದರವನ್ನು ಹಾಕುತ್ತದೆ, ಆಮೇಲೆ ಹೊಳೆಯುವ ಪದರಕ್ಕೆ ತಿರುಗುತ್ತದೆ. ತಿರುಗದೆ ಉಳಿದವನ್ನು ಮಾತ್ರ ಹೊಳಪಿನ ಮುತ್ತು ಎಂದು ಮಾರಲಾಗದು. ಉಳಿದವು ಚೊಕ್ಕ.

ಹೊಂಡದ ರೈತ
ಮಂಕಾದ ಒಂದನ್ನೂ ಹೊಳೆಯುವ ಒಂದನ್ನೂ ಹಾಸನದಲ್ಲಿ ಕೊಯ್ಯಿಸಿದೆ. ಮಂಕಾದದ್ದು ಒಳಗೂ ಕಂದು. ಹೊಳೆಯುವುದರ ಒಳಗೆ ಮಣಿಯೇ ಇಲ್ಲ, ಈರುಳ್ಳಿಯಂತೆ ಸುತ್ತು ಸುತ್ತು ಪದರ, ನಡುವಿನವರೆಗೂ ಹೊಳಪು.

ನಿವೃತ್ತ ಮೀನುಗಾರಿಕೆ (ಹೊಳೆನರಸೀಪುರ)
ಅದೇ ಕೇಶಿ. ಮಣಿಯ ಮೇಲೆ ತೆಳ್ಳಗೆ ಪದರ ಹೊದ್ದ ಗುಂಡುಮುತ್ತಿಗಿಂತ ಇದರಲ್ಲಿ ಮುತ್ತಿನ ಅಂಶ ಹೆಚ್ಚು. ಕಂಪನಿಯವನು “ಮುತ್ತೇ ಅಲ್ಲ” ಎಂದದ್ದು ಇದನ್ನೇ.

ಬಾಣಾವರದ ವಕೀಲ
ಇಷ್ಟು ಹೊತ್ತು ಓದುತ್ತಿದ್ದೆ. ಒಪ್ಪಂದದ ಕಾಗದದಲ್ಲಿ ಆಕಾರದ ಬಗ್ಗೆ ಏನು ಬರೆದಿದೆ?

ಹೊಂಡದ ರೈತ
“ಉತ್ಪಾದನೆಯಾದ ಎಲ್ಲ ಮುತ್ತುಗಳನ್ನು” ಎಂದು ಮಾತ್ರ ಇದೆ. ಗುಂಡು ಎಂಬ ಪದ ಎಲ್ಲಿಯೂ ಇಲ್ಲ.

ಬಾಣಾವರದ ವಕೀಲ
ಹಾಗಿದ್ದರೆ ನಿಮ್ಮ ಕೈ ಬಲವಾಗಿದೆ. ಮೊದಲು ಲಿಖಿತ ನೋಟಿಸ್ ಕೊಡಿ. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನೀವು ಲಾಭಕ್ಕಾಗಿ ಮಾಡಿದ್ದು, ಗ್ರಾಹಕರಲ್ಲ ಎಂದು ಅವರು ವಾದಿಸುವುದು ಖಂಡಿತ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡದ್ದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಬಿತ್ತನೆ ಬೀಜದ ಪ್ರಕರಣದಲ್ಲಿ, ಬೆಳೆಯನ್ನು ಕಂಪನಿಯೇ ಮರಳಿ ಕೊಳ್ಳುವ ಕರಾರು ಇದ್ದಾಗಲೂ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕಾಗದ, ಹಣ ಕಟ್ಟಿದ ರಸೀದಿ, ಉಗುಳಿದ ಮಣಿಗಳು, ಕೊಯ್ದ ಮುತ್ತು, ದಿನಾಂಕವಿರುವ ಫೋಟೊ ಎಲ್ಲ ಒಂದೆಡೆ ಇಡಿ.

ಅರಸೀಕೆರೆ ತೆಂಗು
ಹೊಂಡದ ರೈತರೇ, ನೋಟಿಸ್ ಕೊಡುವಾಗ ಹೇಳಿ. ನಮ್ಮ ಊರಿನಲ್ಲೂ ಇದೇ ರೀತಿ ಕೈಸುಟ್ಟುಕೊಂಡವರಿದ್ದಾರೆ, ಜೊತೆಗೆ ಬರುತ್ತಾರೆ.

ಹೊಂಡದ ರೈತ
ಖಂಡಿತ ಹೇಳುತ್ತೇನೆ. ಸಾಕ್ಷಿಗೆ ಬೇಕಾದವನ್ನು ಬಿಟ್ಟು ಉಳಿದ ಹೊಳೆಯುವ ಮುತ್ತುಗಳನ್ನು ಅಂಗಡಿಗೆ ತರಬಹುದೇ ಅಣ್ಣ?

ಅಕ್ಕಸಾಲಿ ಅಂಗಡಿ (ಹಾಸನ)
ತನ್ನಿ. ಆದರೆ ನೀವಾಗಿ ತೂತು ಹಾಕಿಸಬೇಡಿ. ಸೊಟ್ಟ ಮುತ್ತಿನಲ್ಲಿ ತೂತು ಎಲ್ಲಿ ಬೀಳಬೇಕು ಎಂಬುದರ ಮೇಲೆ ಅದು ಹೇಗೆ ತೂಗುತ್ತದೆ ಎಂಬುದು ನಿಂತಿದೆ. ಹೊಳಪು ಬರಲಿ ಎಂದು ಹುಣಸೆಹಣ್ಣು, ನಿಂಬೆ, ವಿನೆಗರ್ ಮುಟ್ಟಿಸಲೇಬೇಡಿ, ಹುಳಿಗೆ ಪದರ ಕರಗುತ್ತದೆ. ಬರಿ ನೀರಿನಲ್ಲಿ ತೊಳೆದು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಂದಕ್ಕೊಂದು ಉಜ್ಜದಂತೆ ಬೇರೆ ಬೇರೆ ಕಟ್ಟಿ ತನ್ನಿ. ಚಿಪ್ಪಿಗೆ ಕಚ್ಚಿದವನ್ನು ಕೀಳಬೇಡಿ, ಚಿಪ್ಪಿನ ಸಮೇತ ಕೊಯ್ದು ಪದಕ ಮಾಡಬಹುದು. ಬಾಲವಿರುವುದನ್ನು ನೋಡಿದಾಗಿನಿಂದ ನನ್ನ ತಂದೆಯವರು ಕಾಗದದ ಮೇಲೆ ನವಿಲು ಬಿಡಿಸುತ್ತಾ ಕೂತಿದ್ದಾರೆ. ಅದನ್ನು ಮಾತ್ರ ಮರೆಯದೆ ತನ್ನಿ.